ಪೂರ್ವದ್ದು

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಎರಡು ಮೆಟ್ಟಿಲು, ಒಂದು ನಿಲುಗಡೆ, ಮತ್ತೆ ಎರಡು, ತಂಗಿಯೇ, ಹೊಲಿಗೆ ಮಷೀನು ತುಳಿದು ತುಳಿದು ಅವಳ ಮಂಡಿ ಸವೆದಿದೆ, ಅವರ ಸಾಮಾನು ತಗೊಂಡು ಹೋಗೋಕೆ ಬರ್ತೀನಿ ಅಕ್ಕ ಎಂದಿದ್ದಳು, ಹನ್ನೊಂದಕ್ಕೆ ಅಂದರೆ ಹನ್ನೊಂದಕ್ಕೇ ಬರುವವಳು – ಪರದೆ ಆರಿಸಿಬಿಡಲೇ, ಕೈ ಸ್ವಿಚ್ಚಿನವರೆಗೂ ಹೋಗಿ ಅಲ್ಲೇ ಕೂತಿದೆ, ಪರದೆಯ ಮೇಲೆ ಆ ಕಿತ್ತಳೆ ಚುಕ್ಕೆ, ಆರು ತಾಸಿಗೊಮ್ಮೆ ಒಂದು ಹೆಜ್ಜೆ ಇಡುತ್ತದೆ, ಚುಕ್ಕೆ ಎಂದರೆ ತೇಲುಗುಂಡು, ಫುಟ್ಬಾಲಿಗಿಂತ ಕೊಂಚ ದೊಡ್ಡದು, ನೀರು ಕರೆದುಕೊಂಡು ಹೋದಲ್ಲಿಗೆ ಹೋಗಿ ನಾನು ಇಲ್ಲಿದ್ದೇನೆ ಎಂದು ಉಪಗ್ರಹಕ್ಕೆ ಹೇಳುವುದಷ್ಟೇ ಅದರ ಕೆಲಸ, ಅದರ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಗುಬ್ಬಿ ಎಂದು ಬರೆದಿದೆ, ಬರೆದವನು ಅವನೇ, ತಂಗಿಯ ಗಂಡ, ಗುಬ್ಬಿ ಅವರ ಮಗಳು, ಕಚೇರಿ ಸಾಮಾನಿನ ಮೇಲೆ ಇದೇನು ಹುಚ್ಚಾಟ ಎಂದು ನಾನು ರೇಗಿದ್ದಕ್ಕೆ, ಗಂಟು ಹಗ್ಗಕ್ಕೆ ಹಾಕ್ಬೇಕು ಅಕ್ಕ, ಮುಖಕ್ಕಲ್ಲ, ಎಂದು ನಕ್ಕಿದ್ದ. ಕಡಲ ನೀರನ್ನು ಅಳೆಯುವ ನಮ್ಮ ಸಂಸ್ಥೆಯ ಹಡಗಿನವರೆಲ್ಲ ಅವನನ್ನು ಗಂಟಣ್ಣ ಎನ್ನುತ್ತಿದ್ದರು, ಅವನು ಹಾಕಿದ ಗಂಟು ಜಾರಿದ್ದನ್ನು ಕಂಡವರಿಲ್ಲ. ಆ ಕೆಲಸ ಅವನಿಗೆ ಕೊಡಿಸಿದವಳು ನಾನು.

ಇನ್ನೂ ಒಂದು ಮಹಡಿ ಇದೆ, ನಿಧಾನಕ್ಕೆ ಬಾ ತಾಯಿ – ದಕ್ಷಿಣದ ಆ ನೀರನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ, ಉಳಿದದ್ದೆಲ್ಲ ಈ ಕುರ್ಚಿಯಲ್ಲಿ ಕೂತು, ಹತ್ತೊಂಬತ್ತು ವರ್ಷ, ಬೆಚ್ಚಗಿನ ನೀರೂ ತಣ್ಣನೆಯ ನೀರೂ ಎದುರುಬದುರಾಗುವ ಆ ಗೆರೆಯನ್ನು ಉಪಗ್ರಹದ ಚಿತ್ರದಲ್ಲಿ ಬೆರಳಿಟ್ಟು ತೋರಿಸುತ್ತ, ಗೆರೆ ಬಳುಕಿ, ತುಂಡಾಗಿ, ತುಂಡು ತನ್ನ ಸುತ್ತಲೇ ಸುತ್ತಿಕೊಂಡು ಸುಳಿಯಾಗುವುದನ್ನು ಎಣಿಸುತ್ತ, ನೂರು ಮೈಲಿ ಅಗಲದ ಸುಳಿ, ಒಳಗಿರುವವನಿಗೆ ತಾನು ತಿರುಗುತ್ತಿದ್ದೇನೆಂದು ಗೊತ್ತೇ ಆಗುವುದಿಲ್ಲ, ಸುಳಿ ಇದೆ ಸುಳಿವಿಲ್ಲ, ಥೂ, ಇಂಥ ಹೊತ್ತಿನಲ್ಲೂ ಪದದಾಟ. ಮೂವತ್ತೊಂದು ದಿನ ಆಯಿತು. ಅವತ್ತು ಬೆಳಿಗ್ಗೆ ಅವನು ಚಿಕ್ಕ ದೋಣಿ ಇಳಿಸಿಕೊಂಡು ಆ ಸುಳಿಯ ಉತ್ತರದ ಅಂಚಿನಲ್ಲಿ ತೇಲುಗುಂಡು ಬಿಡಲು ಹೋದ, ಒಬ್ಬನೇ, ಅರ್ಧ ತಾಸಿನ ಕೆಲಸ, ಬಿಟ್ಟೆ ಎಂದು ರೇಡಿಯೋದಲ್ಲಿ ಹೇಳಿದ, ಆಮೇಲೆ ಇಂಜಿನ್ ಕೆಮ್ತಾ ಇದೆ ಎಂದ, ಅಷ್ಟರಲ್ಲಿ ಆ ಗೆರೆಯ ಮೇಲೆ ಯಾವಾಗಲೂ ಏಳುವ ಮಂಜು ಎದ್ದಿತು, ಹಡಗು ಅಲ್ಲೇ ಹಾರ್ನು ಹೊಡೆಯುತ್ತ ನಿಂತಿತು, ಸದ್ದು ಹಿಡಿದು ಬಂದಾನೆಂದು, ರೇಡಿಯೋದಲ್ಲಿ ಅವನ ದನಿ ಸಣ್ಣಗಾಯಿತು, ಆಮೇಲೆ ಅದೂ ಇಲ್ಲ. ದೋಣಿಯಲ್ಲಿ ಕುಡಿಯುವ ನೀರಿತ್ತು, ಬಿಸ್ಕತ್ತಿತ್ತು, ಕಂಬಳಿಯಿತ್ತು, ಮೂರು ದಿನ ಬದುಕಬಹುದಿತ್ತು ಎಂದು ಕ್ಯಾಪ್ಟನ್ ಹೇಳಿದರು, ಯಾಕಾದರೂ ಹೇಳಿದರೋ.

ಮಧ್ಯಾಹ್ನ ಮಂಜು ಹರಿದ ಮೇಲೆ ವಿಮಾನ ಹೊರಟಿತು, ಹುಡುಕುವವರ ಮುಖ್ಯಸ್ಥ ಈ ಫೋನಿಗೇ ಕರೆ ಮಾಡಿದ್ದ, ಈ ಕಪ್ಪು ಫೋನು, ತಂತಿ ಆಗಲೂ ಹೀಗೇ ಸಿಕ್ಕು ಬಿದ್ದಿತ್ತು, ಮೇಡಂ, ಗಾಳಿ ಇಲ್ವೇ ಇಲ್ಲ, ನೀರು ಯಾವುದು ಹೇಳಿ, ನಾನು ನಕ್ಷೆ ನೋಡಿದೆ, ಉತ್ತರದ ಅಂಚು, ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಸುಳಿ, ಪೂರ್ವದ್ದು ಎಂದೆ. ಪೂರ್ವದ್ದಾ ಎಂದ. ಹೌದು, ಜೋರಾಗಿದೆ ಎಂದೆ. ಇಷ್ಟೇ. ಪೂರ್ವದ್ದು ಎಂದರೆ ನಮಗೆ ಪೂರ್ವಕ್ಕೆ ಹೋಗುವ ನೀರು, ಅವನು ವಿಮಾನದವನು, ಜೀವಮಾನವಿಡೀ ಗಾಳಿಯ ಭಾಷೆ ಆಡಿದವನು, ಪೂರ್ವದ ಗಾಳಿ ಎಂದರೆ ಪೂರ್ವದಿಂದ ಬರುವ ಗಾಳಿ, ಅವನು ವಿಮಾನವನ್ನು ಪಶ್ಚಿಮಕ್ಕೆ ಕಳಿಸಿದ, ಹಡಗೂ ಅದರ ಹಿಂದೆಯೇ ಹೋಯಿತು, ಮೂರು ದಿನ ಪಶ್ಚಿಮದ ನೀರನ್ನು ಜರಡಿ ಹಿಡಿದರು, ನಾನಿಲ್ಲಿ ಪೂರ್ವಕ್ಕೇ ಹೋಗಿದ್ದಾರೆಂದು ನಂಬಿ ಕೂತಿದ್ದೆ, ನಾಲ್ಕನೆಯ ದಿನ ಬಿರುಗಾಳಿ ಎದ್ದು ಹುಡುಕಾಟ ನಿಂತಿತು. ನಾನು, ಅದೂ ನಾನು – ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಗಿಣಿಗೆ ಹೇಳಿದ ಹಾಗೆ ಹೇಳುವವಳು, ನೋಡ್ರಪ್ಪಾ, ಗಾಳಿಗೆ ತವರಿನ ಹೆಸರು, ನೀರಿಗೆ ಗಂಡನ ಮನೆ ಹೆಸರು, ಮರೆತರೆ ಕೆಟ್ರಿ, ಎಲ್ಲರೂ ನಗುತ್ತಿದ್ದರು, ಪೂರ್ವಕ್ಕೆ ಎಂದಿದ್ದರೆ ಆಗುತ್ತಿತ್ತು, ಕ್ಕೆ, ಒಂದು ಒತ್ತಕ್ಷರ, ಅಷ್ಟು ನನ್ನ ಬಾಯಿಂದ ಬೀಳಲಿಲ್ಲ. ತೇಲುಗುಂಡಿನ ನಂಬರು ಬರೆದ ಚೀಟಿ ಅವನ ಜೇಬಿನಲ್ಲೇ ಉಳಿದಿತ್ತು, ಹಾಗಾಗಿ ಚುಕ್ಕೆ ಯಾರದೂ ಅಲ್ಲದ ಚುಕ್ಕೆಯಾಗಿ ಎಲ್ಲೋ ಬಿದ್ದಿತ್ತು, ನನ್ನ ಪರದೆಗೆ ಬಂದದ್ದು ಹನ್ನೆರಡು ದಿನದ ಮೇಲೆ, ಬಂದಾಗ ನೋಡಿದೆ, ಅದು ಮೊದಲ ದಿನವೇ ಪೂರ್ವಕ್ಕೆ ಹೋಗಿತ್ತು, ಎರಡನೆಯ ದಿನವೂ ಪೂರ್ವಕ್ಕೆ, ಅವನ ದೋಣಿಯೂ ಅದೇ ನೀರಿನಲ್ಲಿ, ಪಕ್ಕದಲ್ಲೇ. ವರದಿಯಲ್ಲಿ ಹೀಗಿದೆ, ಪ್ರವಾಹ: ಪೂರ್ವದ್ದು, ತಜ್ಞರ ಮಾತಿನಂತೆ. ನಿರ್ದೇಶಕರು ಓದಿ, ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲಮ್ಮ, ಸರಿಯಾಗೇ ಹೇಳಿದೀರಿ, ಎಂದು ಸಹಿ ಹಾಕಿದರು. ಸರಿಯಾಗಿಯೇ ಹೇಳಿದ್ದೇನೆ, ಅದೇ ನನ್ನನ್ನು ತಿನ್ನುತ್ತಿದೆ.

ಬಂದಳು, ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದಾಳೆ, ಕೊರಳಲ್ಲಿ ಅಳತೆ ಟೇಪು ಹಾಗೇ ಇದೆ, ತೆಗೆಯುವುದನ್ನು ಮರೆತು ಬಸ್ಸು ಹತ್ತಿದ್ದಾಳೆ, ಚಿಕ್ಕವಳಿದ್ದಾಗ ಇವಳ ಜಡೆ ಹಾಕುತ್ತಿದ್ದವಳು ನಾನು, ನೆತ್ತಿಯ ಸುಳಿಯಿಂದ ಬೈತಲೆ ತೆಗೆಯುತ್ತಿದ್ದೆ, ಒಂದಿಷ್ಟು ಸೊಟ್ಟಗಾದರೂ ಅಳುತ್ತಿದ್ದಳು, ಈಗ ಅಳುತ್ತಿಲ್ಲ, ಚೀಲದೊಳಗೆ ಅವನ ಸ್ವೆಟರು, ಗಂಟು ಕಲಿಸುವ ಹಗ್ಗದ ತುಂಡು, ಕ್ಷೌರದ ಡಬ್ಬಿ, ಒಂದೊಂದನ್ನೂ ಜೋಡಿಸಿ ಇಡುತ್ತಾಳೆ. ಹೇಳಿಬಿಡು, ಈಗಲೇ, ಹೇಳಿದರೆ ಅವಳಿಗೆ ಗಂಡನ ಜೊತೆ ಅಕ್ಕನೂ ಹೋದ ಹಾಗೆ, ಹೇಳದಿದ್ದರೆ ಇನ್ನು ಬದುಕಿರುವಷ್ಟು ದಿನ ಇವಳ ಮುಖಕ್ಕೆ ಮುಖ ಕೊಡುವುದು ಹೇಗೆ – ವರದಿ ಓದಿದೆ ಅಕ್ಕ, ನೀನು ಹೇಳಿದ ಕಡೆನೇ ಹುಡುಕಿದಾರಲ್ಲ, ಅದೊಂದೇ ಸಮಾಧಾನ ನಂಗೆ, ನೀನಿರದೆ ಹೋಗಿದ್ರೆ ಅಷ್ಟೂ ಆಗ್ತಿರ್ಲಿಲ್ಲ, ಎಂದು ನನ್ನ ಕೈ ಹಿಡಿದಳು, ಅವಳ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗಡಸು. ಪರದೆ ಆರಿಸಿರಲಿಲ್ಲ. ಇದೇನಕ್ಕ, ಕಿತ್ತಳೆ ಬಣ್ಣದ್ದು. ಅವನು ಬಿಟ್ಟ ತೇಲುಗುಂಡು ಕಣೇ. ಗುಬ್ಬೀದಾ, ಇವರು ಹೆಸರು ಬರೆದಿದ್ರಲ್ಲ, ಅದೇನಾ, ಇನ್ನೂ ಇದೆಯಾ – ಮುಖ ಒಂದು ಕ್ಷಣ ಬೆಳಗಿ, ಬಗ್ಗಿ ನೋಡುತ್ತಾಳೆ, ಬಿಟ್ಟದ್ದೆಲ್ಲಿ ಎಂದು ಕೇಳುತ್ತಾಳೆ, ತೋರಿಸುತ್ತೇನೆ, ಹುಡುಕಿದ್ದೆಲ್ಲಿ, ಆ ಕಪ್ಪು ಚೌಕ, ಅದನ್ನೂ ತೋರಿಸುತ್ತೇನೆ, ನನ್ನ ಬೆರಳು ನನ್ನ ಮಾತು ಕೇಳುತ್ತಿಲ್ಲ, ಇವಳು ದರ್ಜಿ, ಎದುರು ನಿಂತವರ ಎಡವನ್ನು ಬಲ ಎಂದು ಒಂದು ದಿನವೂ ಕತ್ತರಿಸಿದವಳಲ್ಲ, ಕೊರಳಿಂದ ಟೇಪು ಎಳೆದು ಗಾಜಿನ ಮೇಲಿಟ್ಟು ಅಳೆಯುತ್ತಾಳೆ, ಬಿಟ್ಟ ಜಾಗದಿಂದ ಚೌಕಕ್ಕೆ ಒಂದು ಕಡೆ, ಬಿಟ್ಟ ಜಾಗದಿಂದ ಚುಕ್ಕೆಯ ಮೊದಲ ಹೆಜ್ಜೆಗಳಿಗೆ ಇನ್ನೊಂದು ಕಡೆ, ಟೇಪು ನಿಂತಿದೆ, ಅಕ್ಕ, ಗುಬ್ಬಿ ಈ ಕಡೆ ಹೋಗಿದೆ, ಅವರು ಆ ಕಡೆ ಯಾಕೆ ಹುಡುಕಿದ್ರು, ನೀನು ಯಾವ ಕಡೆ ಅಂದಿದ್ದೆ, ಪೂರ್ವ, ಬಾಯಿ ತೆರೆದಿದ್ದೇನೆ, ಪೂರ್ವ, ಹನ್ನೊಂದೂವರೆ ಆಯಿತು, ಚುಕ್ಕೆ ಇನ್ನೊಂದು ಹೆಜ್ಜೆ ಇಟ್ಟಿತು, ಕಿತ್ತಳೆ, ನೆತ್ತಿಯ ಮೇಲೆ ಬಿಳಿ ಅಕ್ಷರ, ಗುಬ್ಬಿ, ಗುಬ್ಬಿ.