ಎರಡು ಗುಡ್ಡದ ಸಂದಿಯ ಮಣೂಕ

ಅಥಣಿ ಸೀಮೆಯಲ್ಲಿ ಮುರಗೆಪ್ಪನಷ್ಟು ಜಾಣ ಇನ್ನೊಬ್ಬನಿಲ್ಲ. ಈ ಮಾತನ್ನು ಹೇಳುತ್ತಿದ್ದವನೂ ಮುರಗೆಪ್ಪನೇ. ಊರವರೆಲ್ಲ ಮನೆಯ ಹಿತ್ತಲಲ್ಲಿ ದ್ರಾಕ್ಷಿ ಒಣಗಿಸಿದರೆ ಇವನು ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಶೆಡ್ ಹಾಕಿದ್ದ. ಅಲ್ಲಿ ಗಾಳಿ ಜೋರು, ಹದಿನೈದು ದಿನದ ಕೆಲಸ ಹತ್ತೇ ದಿನಕ್ಕೆ ಮುಗಿದೀತೆಂಬ ಆಸೆ. "ಅಷ್ಟ ಗಾಳಿ ಬರಿಗೈಲೆ ಬರ್ತೈತೇನ್ರಿ?" ಎಂದು ಹೆಂಡತಿ ರುಕ್ಮವ್ವ ಕೇಳಿದ್ದಳು. ಹೆಂಡತಿಯ ಮಾತು ಕೇಳಿದರೆ ಜಾಣನ ಮರ್ಯಾದೆ ಏನಾಗಬೇಕು!

ಎಂಬತ್ತೊಂಬತ್ತರ ಏಪ್ರಿಲಿನಲ್ಲಿ ಮಗಳು ಗೌರಾಬಾಯಿಯನ್ನು ನೋಡಲು ಬಡಗಣ ದಿಕ್ಕಿನ ಜತ್ತ ಊರಿನ ಬಾಬಾಸಾಹೇಬರು ಮಗನೊಂದಿಗೆ ಬಂದರು. ಒಳ್ಳೆಯ ಮನೆತನ. ಈ ಸಂಬಂಧ ತಪ್ಪಿದರೆ ಮುರಗೆಪ್ಪನಿಗೆ ಅನ್ನ ಸೇರುವ ಹಾಗಿರಲಿಲ್ಲ. ಹುಡುಗ ಹುಡುಗಿ ಒಪ್ಪಿದ್ದು ಕಣ್ಣಲ್ಲೇ ಗೊತ್ತಾಗುತ್ತಿತ್ತು, ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಮುರಗೆಪ್ಪ ಜಂಬದಿಂದ ತನ್ನ ಶೆಡ್ಡಿನ ಮಣೂಕ, ಅಂದರೆ ಒಣದ್ರಾಕ್ಷಿ, ತಾಟಿನಲ್ಲಿ ತಂದಿಟ್ಟ. ಬಾಬಾಸಾಹೇಬರು ಒಂದು ಹಿಡಿ ಬಾಯಿಗೆ ಹಾಕಿ ಅಗಿದರು. ಕರಕರ ಸದ್ದು ಪಡಸಾಲೆಗೆಲ್ಲ ಕೇಳಿಸಿತು.

"ಮಣ್ಣ ಐತಲ್ರಿ ಬೀಗರ."

ಮುರಗೆಪ್ಪ ಇಂಗು ತಿಂದ ಮಂಗನಾದ. ತಪ್ಪು ಯಾರ ತಲೆಗಾದರೂ ಕಟ್ಟಬೇಕಲ್ಲ. ಗೊಬ್ಬರಕ್ಕೆಂದು ಅವನ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಮಾಳಸಿದ್ದನನ್ನು ಕರೆಸಿದ.

"ನಿನ್ನ ಕುರಿ ಎಬ್ಬಿಸಿದ ಧೂಳ ಲೇ ಇದು. ಇವತ್ತ ಹಿಂಡ ಹೊಡ್ಕೊಂಡ ನಡಿ."

ಮಾಳಸಿದ್ದ ಒಂದು ದ್ರಾಕ್ಷಿ ತಿಕ್ಕಿ ಅಂಗೈ ನೋಡಿದ. "ಯಣ್ಣಾ, ನಿನ್ನ ಹೊಲ ಕರಿ ಎರಿ. ಇದು ಕೆಂಪ ಮಣ್ಣ. ಮೊನ್ನೆ ಬಿರುಗಾಳಿ ಬಿಡ್ತಲಾ, ಅದು ಬಡಗಣ ಬಯಲಾಗ ಅಡ್ಡ ಏನೂ ಸಿಗದ ಓಡಿ ಬರ್ತೈತಿ. ಗುಡ್ಡಕ್ಕ ಬಡದ ಮ್ಯಾಗ ಎಲ್ಲಾ ಕೂಡಿ ಒಂದ ಸಂದಿಗೆ ನುಗ್ಗತೈತಿ. ಅಲ್ಲೇ ನೀ ಶೆಡ್ ಹಾಕೀದಿ. ನನ್ನ ಕುರಿ ಗುಡ್ಡದ ಮರೆಯಾಗ ಮಲಗ್ಯಾವ, ಒಂದರ ಮೈಮ್ಯಾಗೂ ಧೂಳಿಲ್ಲ."

"ಹಂಗಾರ ಎಲ್ಲೀ ಮಣ್ಣ ಇದು?"

"ಜತ್ತದ್ದು. ವರ್ಷಾ ವರ್ಷಾ ಅಲ್ಲಿಗೆ ಕುರಿ ಹೊಡ್ಕೊಂಡ ಹೋಗ್ತೇನಿ, ಗುರ್ತ ಸಿಗಲ್ಲೇನ?"

ತಪ್ಪು ತನ್ನದಲ್ಲ ಎಂದಾದದ್ದೇ ತಡ, ಮುರಗೆಪ್ಪನಿಗೆ ಹೋದ ಜೀವ ಬಂತು. "ಹಂಗ ಹೇಳು ಮತ್ತ. ಅದೂ ಒಂದ ಊರೇನ? ಬರೀ ಧೂಳ. ಮನಶ್ಯಾ ಬಾಳೂ ಜಾಗಾನ ಅಲ್ಲ."

ರುಕ್ಮವ್ವ ಕೆಮ್ಮಿದಳು. ಮುರಗೆಪ್ಪ ತಿರುಗಲಿಲ್ಲ. ಮತ್ತೂ ಜೋರಾಗಿ ಕೆಮ್ಮಿದಳು. ಆಮೇಲೆ ಎದುರಿಗೆ ಕೂತವರ ಊರು ಯಾವುದೆಂದು ಅವನಿಗೆ ನೆನಪಾಯಿತು.

"ಅಂಥಾ ಊರಿಗೆ ಮಗಳ್ನ ಹೆಂಗ ಕೊಡ್ತೀರಿ ಬಿಡ್ರಿ," ಎನ್ನುತ್ತ ಬಾಬಾಸಾಹೇಬರು ರುಮಾಲು ಸರಿಮಾಡಿಕೊಂಡು ಎದ್ದರು.

ಬಾಗಿಲ ಮರೆಯಿಂದ ಗೌರಾಬಾಯಿ ಮೆಲ್ಲಗೆ ಹೇಳಿದಳು: "ನಿಮ್ಮೂರ ಮಣ್ಣ ಯಾರೂ ಕರೀದನ ಇಲ್ಲೀತನಾ ಬಂದೈತ್ರಿ. ನೀವು ಕರಿಯಾಕ ಬಂದೀರಿ. ನಾ ಬರಲ್ಲ ಅಂತೇನೇನ್ರಿ?"

ಬಾಬಾಸಾಹೇಬರು ನಿಂತಲ್ಲೇ ನಕ್ಕುಬಿಟ್ಟರು. ಕೂತು, ರುಕ್ಮವ್ವನ ಕಡೆ ತಿರುಗಿ, "ಸಕ್ರಿ ತರ್ರಿ ಅವ್ವಾರ, ಬಾಯಿ ಸೀ ಮಾಡೂನು," ಎಂದರು. ಮುರಗೆಪ್ಪನನ್ನು ಯಾರೂ ಏನೂ ಕೇಳಲಿಲ್ಲ.