ಚನ್ನಂಗಿ ಬೇಳೆಯ ಲೇಪ

“ಇಷ್ಟೊಂದು ತೂತು ದೇವರು ಎಣಿಸಿ ಇಟ್ಟಾನೋ, ಕೈ ತಪ್ಪಿ ಚೆಲ್ಯಾನೋ?”

ಅಂಗಳದ ಕಂಬಕ್ಕೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತು ಸುಲಭಾ ಕೇಳಿದಳು. ಹತ್ತಿರ ಯಾರೂ ಇರಲಿಲ್ಲ. ಅವಳ ಮೂಗಿನ ಮೇಲೂ ಕೆನ್ನೆಯ ಮೇಲೂ ಚರ್ಮದ ರಂಧ್ರಗಳು ಎದ್ದು ಕಾಣುತ್ತಿದ್ದವು. ಬಿಸಿಲೇರಿದಂತೆ ಅವುಗಳಲ್ಲಿ ಜಿಡ್ಡು ಮಿನುಗುತ್ತಿತ್ತು. ಓಣಿಯ ಹುಡುಗರು ಅವಳಿಗೆ ‘ಜರಡಿ’ ಎಂದೇ ಹೆಸರಿಟ್ಟಿದ್ದರು.

ಅದು ಎಂಬತ್ತೆರಡನೆಯ ಇಸವಿಯ ಶ್ರಾವಣ. ಗಾಣಗಾಪುರದಲ್ಲಿ ಶ್ರಾವಣದ ಮಧ್ಯಾಹ್ನಗಳಲ್ಲಿ ಹೆಂಗಸರೆಲ್ಲ ಭಾಗೀರಥಿಬಾಯಿಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ಸೊಸೆಯಾಗಿ ಈ ಊರಿಗೆ ಬಂದಂದಿನಿಂದ ಅಲ್ಲಿ ದೇವಿಯ ಪುರಾಣದ ಪೋಥಿ ಓದುತ್ತಿದ್ದವರು ಆಕೆಯೇ. ಈ ಸಲ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದು ಅಕ್ಷರಗಳೆಲ್ಲ ಮಂಜಿನಲ್ಲಿ ಕಲೆತುಹೋಗಿದ್ದವು. “ಇನ್ನ ಮ್ಯಾಲ ಸುಲಭಾ ಓದ್ತಾಳ” ಎಂದು ಎಲ್ಲರೆದುರು ಹೇಳಿ ಪೋಥಿಯನ್ನು ನೆರೆಮನೆಯ ಈ ಹುಡುಗಿಯ ತೊಡೆಯ ಮೇಲಿಟ್ಟುಬಿಟ್ಟರು.

ಸುಲಭಾಳ ದನಿ ಇಂಪು. ಆದರೆ ನೂರು ಕಣ್ಣು ತನ್ನ ಮೂಗನ್ನೇ ನೋಡುತ್ತಿವೆ ಎಂದು ಅವಳು ಸೆರಗನ್ನು ಬಾಯಿ, ಮೂಗು ಮುಚ್ಚುವಂತೆ ಕಣ್ಣಿನ ತನಕ ಎಳೆದುಕೊಂಡು ಓದಿದಳು. ಮಾತು ಬಟ್ಟೆಯಲ್ಲೇ ಉಳಿಯಿತು. ಮಟಕಿ ಎಂಬ ಹಳ್ಳಿಯಿಂದ ಗುಡಿಯ ಸೇವೆಗೆಂದು ಬಂದಿದ್ದ ತುಳಜಾಬಾಯಿ ಎಲ್ಲರಿಗಿಂತ ಹಿಂದೆ, ಹೊಸ್ತಿಲ ಬಳಿ ಕುಳಿತಿದ್ದಳು.

“ಯವ್ವಾ, ಬಾಯಿಗಿ ಅರಿವಿ ಯಾಕ ಕಟ್ಟೀದಿ? ಮಜ್ಜಿಗಿ ಸೋಸಾಕತ್ತೀ ಏನ್?”

ಪಡಸಾಲೆ ನಕ್ಕಿತು. ಆ ಸಂಜೆಯೇ ಸುಲಭಾ ಪೋಥಿಯನ್ನು ತಂದು ಹಿಂದಿರುಗಿಸಿದಳು.

ಭಾಗೀರಥಿಬಾಯಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಹುಡುಗಿಯ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು, ಜಪಮಣಿ ಎಣಿಸುವ ಬೆರಳುಗಳಿಂದಲೇ ಅದನ್ನು ಸವರಿ ನೋಡಿದರು.

“ಜಿಡ್ಡು ಕೂತದ. ನಾಳಿ ಮುಂಜಾನಿ ಬಾ. ಪೋಥಿ ಇಲ್ಲೇ ಇರಲಿ, ಬರೇ ಮಾರಿ ತಗೊಂಡು ಬಾ.”

ಮರುದಿನ ಚನ್ನಂಗಿ ಬೇಳೆ ಬೀಸುಕಲ್ಲಿಗೆ ಬಿತ್ತು. ಆ ಕೆಂಪು ಬೇಳೆಯನ್ನು ಹಿಟ್ಟು ಮಾಡಿ, ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ಮತ್ತೆ ಸೋಸಿ, ಬೆರಳಿಗೆ ಹತ್ತಿದ್ದೂ ತಿಳಿಯದಷ್ಟು ನುಣುಪಾದ ಮೇಲೆಯೇ ಆಕೆ ಬಟ್ಟಲಿಗೆ ಸುರಿದರು. ಅದಕ್ಕೆ ಆಳಂದದ ಗೆಳತಿ ಕರೀಮುನ್ನಿಸಾ ತನ್ನ ಅತ್ತರಿನ ಅಂಗಡಿಯಿಂದ ಕಳಿಸಿದ್ದ ಮುಲ್ತಾನಿ ಮಿಟ್ಟಿ, ಸಾಣೆಕಲ್ಲಿನಲ್ಲಿ ತೇಯ್ದ ಒಂದಿಷ್ಟು ಗಂಧ, ಕಲಸಲು ಗುಲಾಬಿ ನೀರು. ಕಣ್ಣು ಮಂಜಾಗಿದ್ದ ಆಕೆ ಹದವನ್ನು ಸಪ್ಪಳದಿಂದಲೇ ತಿಳಿಯುತ್ತಿದ್ದರು. ಬಟ್ಟಲಲ್ಲಿ ಬೆರಳು ತಿರುಗುವ ಸದ್ದು ಮೆತ್ತಗಾದರೆ ಸಾಕು, ಕೈ ತಾನಾಗಿ ನಿಲ್ಲುತ್ತಿತ್ತು.

“ಮಾವಶಿ, ಇದ್ರಿಂದ ತೂತು ಮುಚ್ತಾವೇನ್ರಿ?”

“ಮುಚ್ಚೂದಿಲ್ಲ. ಒಳಗಿನ ಜಿಡ್ಡು ಹೋದ್ರ ಸಣ್ಣ ಕಾಣ್ತಾವ, ಅಷ್ಟ. ಎಲ್ಲಾ ಮುಚ್ಚಿಬಿಟ್ರ ನಿನ್ನ ಬೆವರು ಎಲ್ಲಿಂದ ಬರಬೇಕು, ನನ್ನ ಮೂಗಿನಿಂದ?”

ಲೇಪ ಹಚ್ಚಿ ಆಕೆ ಹೇಳಿದರು: “ಒಣಗಿ ಬಿರಿಯೂತನಕ ಬಿಡಬಾರ್ದು, ತೊಗಲು ಸೆಟೀತದ. ನಾ ಪದ ಹೇಳ್ತೇನಿ. ಪದ ಮುಗೀತಂದ್ರ ತೊಳಕೋ. ಅಲ್ಲೀತನಕ ತುಟಿ ಅಲ್ಲಾಡಿಸಬ್ಯಾಡ.”

ಪೋಥಿಯಲ್ಲಿ ಬಾಯಿಪಾಠವಿದ್ದ ಪದಗಳು ಆಕೆಯ ಗಂಟಲಿನಿಂದ ಒಂದೊಂದಾಗಿ ಇಳಿದು ಬಂದವು. ಮೂಗಿನ ಮೇಲೆ ಮಣ್ಣು ತಂಪಾಗಿ ಬಿಗಿಯುತ್ತಿತ್ತು, ಬಾಯಿ ತೆರೆಯುವಂತಿರಲಿಲ್ಲ, ಕೇಳುವುದೊಂದೇ ಉಳಿದ ಕೆಲಸ. ಎಲ್ಲಿ ಉಸಿರು ಹಿಡಿಯುತ್ತಾರೆ, ದೇವಿ ಮಾತಾಡುವಾಗ ದನಿ ಎಲ್ಲಿ ಏರುತ್ತದೆ, ಎಲ್ಲವೂ ಸುಲಭಾಳ ಕಿವಿಗೆ ಬಿತ್ತು. ಒಂದು ಸಾಲಿನ ನಡುವೆ ಭಾಗೀರಥಿಬಾಯಿ ಗಕ್ಕನೆ ನಿಂತರು.

“ತೊಳಕೊಂಡು ಬಂದು ಮುಂದಿಂದು ನೀ ಹೇಳು.”

ತೊಳೆದ ಮುಖದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಸುಲಭಾ ಆ ಸಾಲನ್ನು ಮುಗಿಸಿದಳು. ಮುಂದಿನ ಬೆಳಗುಗಳೂ ಹೀಗೆಯೇ ಕಳೆದವು. ಕನ್ನಡಿಯಲ್ಲಿ ಮೂಗಿನ ಮಿನುಗು ಇಳಿಯಿತು, ಕುಳಿಗಳು ಸಣ್ಣವಾಗಿ ಕಂಡವು. ಅವಳು ಪೋಥಿಯನ್ನು ತಾನೇ ಕೇಳಿ ತೆಗೆದುಕೊಂಡಳು. ಒಂದು ಮಧ್ಯಾಹ್ನ ಓದುತ್ತ ಓದುತ್ತ ಸೆರಗು ಹೆಗಲಿಗೆ ಜಾರಿದ್ದು ಅವಳ ಗಮನಕ್ಕೇ ಬರಲಿಲ್ಲ. ದನಿ ಹೊಸ್ತಿಲು ಮುಟ್ಟಿತು. ತುಳಜಾಬಾಯಿ ಚೇಷ್ಟೆಯ ಮಾತು ಮರೆತು ಸೆರಗಿನ ಚುಂಗಿನಿಂದ ಕಣ್ಣೊರೆಸಿಕೊಂಡಳು.

“ಇವತ್ತು ಎಲ್ಲಾ ಕೇಳಿಸ್ತು ನೋಡವ್ವಾ. ಪೋಥಿ ಮುಕ್ತಾಯದ ದಿನಾನೂ ಹಿಂಗೇ ಓದು. ಅದನ್ನ ಕೇಳಿಕೊಂಡೇ ಊರಿಗಿ ಹೋಗ್ತೇನಿ.”

ಮುಕ್ತಾಯದ ದಿನ ಸುಲಭಾಳ ತಾಯಿ ಶಾರದಾಬಾಯಿಗೆ ಹಿಗ್ಗು ಹಿಡಿಸಲಾರದಷ್ಟು. ಭಾಗೀರಥಿಬಾಯಿ ಸಂಗಮದ ಸ್ನಾನಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ತಾನೇ ಲೇಪ ಮಾಡಿದರಾಯಿತೆಂದು ಶಾರದಾಬಾಯಿ ತನ್ನ ಮನೆಯ ಬೀಸುಕಲ್ಲಿಗೆ ಬೇಳೆ ಹಾಕಿದಳು. ಸವೆದು ನುಣುಪಾಗಿದ್ದ ಆ ಕಲ್ಲಿಗೆ ಹಿಂದಿನ ದಿನವಷ್ಟೇ ಉಳಿಯಿಂದ ಹೊಸ ಕುಳಿ ಹೊಡೆಸಿದ್ದಳು. ಹಾಗೆ ಹೊಡೆಸಿದ ಕಲ್ಲಿನಲ್ಲಿ ಮೊದಲು ಭೂಸಾ ಬೀಸಿ ಚೆಲ್ಲಬೇಕು, ಇಲ್ಲವಾದರೆ ಕಲ್ಲಿನ ಪುಡಿ ಹಿಟ್ಟಿಗೆ ಬರುತ್ತದೆ. ಅವಸರದಲ್ಲಿ ಅದು ಅವಳಿಗೆ ಮರೆತೇಹೋಯಿತು. ಸೋಸುವುದಕ್ಕೂ ಪುರುಸೊತ್ತಾಗಲಿಲ್ಲ. ಚೆನ್ನಾಗಿ ಹತ್ತಲಿ ಎಂದು ಮಗಳ ಮುಖವನ್ನು ಗಸಗಸ ತಿಕ್ಕಿದಳು.

ತೊಳೆದಾಗ ಎರಡೂ ಕೆನ್ನೆಗಳ ಮೇಲೆ ಕೆಂಪು ಗೀರುಗಳೆದ್ದಿದ್ದವು. ಮೂಗು ಊದಿತ್ತು.

“ನನ್ನ ಕೈ ಸೇದಿಹೋಗ್ಲಿ!” ಎಂದು ಶಾರದಾಬಾಯಿ ಅಳತೊಡಗಿದಳು.

ಸ್ನಾನ ಮುಗಿಸಿ ಬಂದ ಭಾಗೀರಥಿಬಾಯಿ ಬಟ್ಟಲಲ್ಲಿ ಬೆರಳಾಡಿಸಿದರು. ಹರಳು ಕೈಗೆ ಹತ್ತಿತು. “ಶಾರದಾ, ಅಳಬ್ಯಾಡ. ನನ್ನ ಅತ್ತೀಗೆ ನಾ ಇಂಥಾ ಹಿಟ್ಟಿನ ರೊಟ್ಟೀನ ತಿನ್ನಿಸಿದ್ದೆ” ಎಂದು ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹುಡುಗಿಯ ಕೆನ್ನೆಗೆ ಒತ್ತಿದರು. ಓದಿನ ಮಾತೇ ಎತ್ತಲಿಲ್ಲ. ಪೋಥಿಯನ್ನು ಅವಳ ಪಕ್ಕದಲ್ಲಿಟ್ಟು ತಮ್ಮ ಮನೆಗೆ ನಡೆದರು.

ಮಧ್ಯಾಹ್ನ ಪಡಸಾಲೆ ತುಂಬಿ ಅಂಗಳಕ್ಕೂ ಚೆಲ್ಲಿತ್ತು. ಪೋಥಿ ಎದೆಗೊತ್ತಿಕೊಂಡು ಬಂದ ಸುಲಭಾಳನ್ನು ಬಾಗಿಲಲ್ಲೇ ತಾಯಿ ತಡೆದಳು.

“ಸುಲಭಾ, ನಿನಗ ಕೈ ಮುಗೀತೇನಿ. ಇವತ್ತೊಂದಿನ ಸೆರಗು ಹಾಕ್ಕೊಂಡು ಓದು. ಮಂದಿ ಏನಂದಾರು? ಮಾರಿ ನೋಡ್ಕೋ ಒಂದ್ಸಲ.”

ಸುಲಭಾ ಒಳಗೆ ನೋಡಿದಳು. ಜನರ ಆಚೆ, ಗೋಡೆಗೆ ಒರಗಿ, ಊರಿಗೆ ಹೊರಡುವ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ತುಳಜಾಬಾಯಿ ಕುಳಿತಿದ್ದಳು. ಆಗಲೇ ಅಂಗೈಯನ್ನು ಕಿವಿಯ ಹಿಂದೆ ಹಿಡಿದಿದ್ದಳು.

“ಹಾಕ್ಕೊಳ್ಳೂದಿಲ್ಲ, ಆಯಿ.”