ನೀರಲ್ಲ ಅದು

ಇನ್ನೂ ಮಸುಕು, ಫನೆಲ್ಲಿನ ಗಾಜಿನೊಳಗೆ ಕೊರಳ ತನಕ ಖಾರದಪುಡಿಯ ಕೆಂಪು ಮಸುಕು, ಒಡೆಯಬೇಕು, ಎರಡು ಪದರವಾಗಿ ಒಡೆಯಲೇಬೇಕು ಎಂದು ನುಜಹತ ಬಗ್ಗಿ ನೋಡುತ್ತಾಳೆ, ಬೆನ್ನ ಹಿಂದೆ ವಿಭಾಗದ ಮುಖ್ಯಸ್ಥರಾದ ಶಿವಯೋಗಿ ಸರ್, ಅವರ ಹಿಂದೆ ಬಿ.ಎಸ್ಸಿ. ಹುಡುಗಿಯರು, ಇದು ಒಡೀಲಿಲ್ಲಂದ್ರ ಮತ್ತ ಕ್ಲೋರೋಫಾರ್ಮನ ನೋಡ್ರಿ ಮೇಡಮ್ ಎಂದಿದ್ದಾರೆ ಅವರು, ಮೆತ್ತಗೆ, ಆ ಮೆತ್ತಗಿನ ಮಾತಿಗೇ ಅವಳಿಗೆ ಹೆದರಿಕೆ — ಶಿಗ್ಗಾಂವಿಯ ಈ ಲ್ಯಾಬಿನಲ್ಲಿ ಹೊಗೆ ಎಳೆಯುವ ಫ್ಯಾನು ಕೆಟ್ಟು ಯಾವ ಕಾಲವಾಯಿತೋ, ಹೋದ ವರ್ಷ ಖಾರದಪುಡಿಯ ಬಣ್ಣ ತೆಗೆಯಲು ಕ್ಲೋರೋಫಾರ್ಮ್ ಹಾಕಿ ಅಲುಗಾಡಿಸುತ್ತಲೇ ಕುಸಿದಳಲ್ಲ ಈ ಹುಡುಗಿಯರಲ್ಲೇ ಒಬ್ಬಳು, ರಾಜಶ್ರೀ, ಅವಳ ಕೈ ಎಷ್ಟು ತಣ್ಣಗಿತ್ತು, ಕಿಟಕಿ ತೆರೆದಿವೆಯೇ, ತೆರೆದಿವೆ, ಇವತ್ತು ತೆರೆಯದಿದ್ದರೂ ನಡೆದೀತು, ಇವತ್ತು ಹಾಕಿದ ದ್ರಾವಕದ ವಾಸನೆಯೇ ಬೇರೆ, ಪುದೀನ, ಅಜವಾನ, ಏನ್ರಿ ಮೇಡಮ್, ಲ್ಯಾಬ ಪಾನ ಅಂಗಡಿ ಆಗೇತಲ್ಲ ಎಂದರು ಸರ್, ಹುಡುಗಿಯರು ಕಿಸಕ್ಕನೆ ನಕ್ಕರು, ನಗಲಿ, ಪಾನ್ ಅಂಗಡಿಯದೇ ಸರ್ ಎನ್ನಬೇಕಿತ್ತು, ಸವಣೂರಿನಲ್ಲಿ ಅಬ್ಬಾನ ಅಂಗಡಿ, ಪಾನಿಗೆ ಹಾಕುವ ಪುದೀನ ಹೂವಿನ, ಅಂದರೆ ಮೆಂಥಾಲಿನ ಹರಳಿಗೊಂದು ಡಬ್ಬಿ, ಅಜವಾನ ಹೂವಿನ, ಅಂದರೆ ಥೈಮಾಲಿನ ಹರಳಿಗೊಂದು, ಹೊಸದಾಗಿ ಬಂದ ಸೊಸೆ ನೂರಜಹಾನ, ಅಂದರೆ ನುಜಹತಳ ಅಮ್ಮಿ, ಒಂದು ಡಬ್ಬಿ ಉಳಿಯಲೆಂದು ಎರಡನ್ನೂ ಒಂದರಲ್ಲೇ ತುಂಬಿಟ್ಟಳು, ಬೆಳಗ್ಗೆ ಮುಚ್ಚಳ ತೆಗೆದರೆ ಹರಳೇ ಇಲ್ಲ — ಯಾರ ನೀರ ಹಾಕಿದ್ರು, ನಾ ಹಾಕಿಲ್ಲರೀ ಅತ್ತಿ, ಹಂಗಾರ ಹರಳು ಎಲ್ಲಿ ಹೋದುವು, ಜಿನ್ನ ತಿಂತೇನು — ಅಮ್ಮಿ ಡಬ್ಬಿ ವಾಲಿಸಿ ತೋರಿಸಿದಳಂತೆ, ನೀರಲ್ಲರೀ, ವಾಸನಿ ನೋಡ್ರಿ, ಯಾರೂ ಮೂಸಲಿಲ್ಲ, ಅಂದಿನಿಂದ ಅವಳು ನೀರ ನೂರಜಹಾನ, ಅಂಗಡಿಯ ಹಣದ ಗಲ್ಲೆಯ ಹತ್ತಿರ ಸುಳಿಯಲೂ ಬಿಡಲಿಲ್ಲ, ಎಂ.ಎಸ್ಸಿ.ಯ ಪಾಠದಲ್ಲಿ ಇದೇ ಎರಡು ಹರಳು ಕೂಡಿದರೆ ತಾವೇ ಕರಗುತ್ತವೆ, ನೀರಿಗೆ ಬೆರೆಯದ, ವಿಷವಿಲ್ಲದ 'ಹಸಿರು' ದ್ರಾವಕವಾಗುತ್ತವೆ ಎಂದಾಗ ನುಜಹತಳಿಗೆ ಬೆಂಚಿನಲ್ಲಿ ಕೂರಲಾಗಿರಲಿಲ್ಲ, ಇವತ್ತು ಮುಂಜಾನೆ ಫೋನಿನಲ್ಲಿ, ಅಮ್ಮಿ, ನಿನ್ನ ನೀರ ಎಲ್ಲಾರ ಮುಂದ ಇಡಾಕತ್ತೇನಿ, ನೀರಲ್ಲ ಅದು ಎಂದಳು ಅಮ್ಮಿ, ಇಷ್ಟು ವರ್ಷವಾದರೂ ಅದೇ ಮಾತು — ಒಡೆಯಿತು, ಅಗೋ ಒಂದು ಗೆರೆ, ಕೂದಲೆಳೆಯಷ್ಟು, ಅಲ್ಲಾ, ಗೆರೆಯೇ, ಆದರೆ ಸರ್ ಕೆಳಗಿನ ಪದರ ನೋಡುತ್ತಿದ್ದಾರೆ, ಬಿಳಿಚಿಕೊಂಡ ಕೆಳಗಿನ ಪದರ, ಬಣ್ಣ ಬಂದಿಲ್ಲ ಬಿಡ್ರಿ, ಚೆಲ್ಲೂಣು ಎಂದು ಅವರ ಕೈ ಫನೆಲ್ಲಿನ ನಲ್ಲಿಗೆ ಹೋಗಿದೆ, ಕ್ಲೋರೋಫಾರ್ಮ್ ಯಾವಾಗಲೂ ತಳಕ್ಕೆ ಕೂರುತ್ತದೆ, ಬಣ್ಣ ಕೆಳಗೇ ಇರಬೇಕೆಂದು ಆ ಕೈಗೆ ರೂಢಿ, ತಡೀರಿ ಸರ್, ಇದು ನೀರಿಗಿಂತ ಹಗುರ, ಮ್ಯಾಲ ನೋಡ್ರಿ, ತನ್ನ ದನಿ ಇಷ್ಟು ಗಟ್ಟಿ ಇದೆಯೇ, ಅವರು ಕನ್ನಡಕ ಏರಿಸುತ್ತಾರೆ, ಮೇಲೆ ತೇಲುತ್ತಿದೆ ಕೆಂಪು, ಅಷ್ಟೂ ಕೆಂಪು, ನಾ ಚೆಲ್ಲೇ ಬಿಡ್ತಿದ್ನೆಲ್ರಿ ಎಂದು ಅವರೇ ನಗುತ್ತಾರೆ, ಆ ಕ್ಲೋರೋಫಾರ್ಮ ಬಾಟ್ಲಿ ಎತ್ತಿಡ್ರಿ, ಇನ್ನ ಬ್ಯಾಡ, ರಾಜಶ್ರೀ ಎತ್ತಿಕೊಂಡು ಹೋಗುತ್ತಿದ್ದಾಳೆ, ಮುಚ್ಚಳ ಬಿಗಿ ಇದೆಯೇ, ಇದೆ, ಸರ್ ಕೇಳುತ್ತಿದ್ದಾರೆ, ಮೇಡಮ್, ನಿಮ್ಮ ಈ ದ್ರಾವಕಕ್ಕ ಏನಂತಾರ್ರಿ, ಉತ್ತರ ಬಾಯಿಪಾಠ, ಹೇಳಬೇಕು, ಆದರೆ ಅಮ್ಮಿಯ ಕೈ, ಯಾರೂ ಮೂಸದ ಡಬ್ಬಿ ಹಿಡಿದ ಕೈ, ವಾಲಿಸಿದ ಡಬ್ಬಿ, ಅಂಚಿನಲ್ಲಿ ಹೊಳೆಯುತ್ತ ನಿಂತ ನೀರು, ನೀರಲ್ಲ, ವಾಲಿಸಿದ ಡಬ್ಬಿ